ಇಬ್ಬನಿ ಹೊತ್ತಿನ ಬೇಟೆ

ಕಾರ್ತಿಕದ ಬೆಳಗು, ಆರು ಗಂಟೆ. ಕೆರೆ ತುಂಬಿದೆ, ಅಂಚಿನ ಜೊಂಡೆಲ್ಲ ನೆನೆದು ತಲೆ ಬಾಗಿಸಿದೆ. ಅಜ್ಜಿ ಮಂಕರಿ ಎತ್ತಿದ್ದೇ ತಡ, ನಾಟಿಕೋಳಿಗಳು ನಿಮ್ಮ ಕಾಲ ಸಂದಿಯಲ್ಲೇ ನುಗ್ಗಿ ನೀರಂಚಿಗೆ ಓಡುತ್ತವೆ. ಹಿಂದೆಯೇ ಹೋಗಿ ಬಗ್ಗಿ ನೋಡಿ: ಜೊಂಡಿನ ಎಸಳಿಗೆ ಅಂಟಿಕೊಂಡ ಏರೋಪ್ಲೇನ್ ಚಿಟ್ಟೆ, ರೆಕ್ಕೆ ತುಂಬ ಇಬ್ಬನಿ. ಬಿಸಿಲು ತಾಗದೆ ಅದು ಹಾರಲಾರದು. ಕರಿ ಹೇಂಟೆ ಕತ್ತು ಚಾಚಿ ಕುಕ್ಕಿ, ಎರಡು ಸಲ ಒದರಿ ನುಂಗುತ್ತದೆ.

ಆ ಚಿಟ್ಟೆಯ ಮೈಯಲ್ಲಿ ಪ್ರೊಸ್ತೊಗೊನಿಮಸ್ ಎಂಬ ಚಪ್ಪಟೆಹುಳುವಿನ ಮರಿಗಳು ಗೂಡು ಕಟ್ಟಿ ಕೂತಿರಬಹುದು. ಕೋಳಿ ಹಿಕ್ಕೆಯಿಂದ ನೀರಿಗೆ, ನೀರಿಂದ ಪುಟ್ಟ ಬಸವನಹುಳುವಿಗೆ, ಅಲ್ಲಿಂದ ಚಿಟ್ಟೆಯ ಮರಿಗೆ. ನೀರಲ್ಲಿ ಬೆಳೆಯುವ ಈ ಚಿಟ್ಟೆಮರಿ ಉಸಿರಾಡುವುದು ಹಿಂಬದಿಯಿಂದ ನೀರೆಳೆದುಕೊಂಡು. ಹುಳು ಒಳಹೊಗುವುದೂ ಆ ಬಾಗಿಲಿನಿಂದಲೇ! ಕೋಳಿಯ ಕರುಳಿಗೆ ಬಂದಮೇಲೆ ಗೂಡೊಡೆದು, ಕೆಳಕ್ಕೆ ತೆವಳಿ, ಮೊಟ್ಟೆ ಬರುವ ದಾರಿಯನ್ನು ಹತ್ತುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ವಿಜ್ಞಾನಿ ರಾಲ್ಫ್ ಮೇಸಿ ಇದರದೇ ಇನ್ನೊಂದು ಜಾತಿಯ ಬದುಕನ್ನು 1934ರಲ್ಲಿ ಬರೆದಿಟ್ಟರು.

ಹಿತ್ತಲಿಗೆ ಬನ್ನಿ, ದನದ ಡಾಕ್ಟರು ಬಂದಿದ್ದಾರೆ. ಅಜ್ಜಿಯ ಅಂಗೈಯಲ್ಲಿ ಓಡಿಲ್ಲದ ಮೊಟ್ಟೆ, ಬರೀ ತೊಗಲು, ಒಳಗೆ ಲೋಳೆ ಅಲುಗುತ್ತಿದೆ.

"ಯಾರ ಕಣ್ ಬಿತ್ತೋ ಡಾಕ್ಟ್ರೆ. ಸುಣ್ಣದ ತಿಳಿ ಕುಡಿಸಿ ಕುಡಿಸಿ ಸಾಕಾಯ್ತು."

"ಸುಣ್ಣ ಸಾಲದಿದ್ರೂ ಹಿಂಗಾಗುತ್ತೆ ಅಜ್ಜಿ. ರಾತ್ರಿ ಸತ್ತಿದ್ದನ್ನ ತನ್ನಿ."

ಬಾಲದಡಿಯ ಪುಕ್ಕಕ್ಕೆ ಸುಣ್ಣದಂಥ ಬಿಳಿ ಮೆತ್ತಿಕೊಂಡಿದೆ. ಹೊಟ್ಟೆ ಕೊಯ್ದರೆ ಒಡೆದ ಹಳದಿ ಗಟ್ಟಿಯಾಗಿ ಕರುಳಿಗೆ ಅಂಟಿದೆ. ಕೆರಳಿದ ಮೊಟ್ಟೆದಾರಿ ಅದನ್ನು ಹೊರಗೆ ತಳ್ಳುವ ಬದಲು ಹೊಟ್ಟೆಯೊಳಕ್ಕೇ ನೂಕಿದೆ. ಕೋಳಿ ಸತ್ತದ್ದು ಅದರ ನಂಜಿನಿಂದ. ಡಾಕ್ಟರು ಮೊಟ್ಟೆದಾರಿ ಸೀಳಿ ನೀರಲ್ಲಿ ಅಲ್ಲಾಡಿಸುತ್ತಾರೆ. ಒಂದು ಸೆಂಟಿಮೀಟರೂ ಇಲ್ಲದ, ಸೌತೆಬೀಜದಂಥ, ನಸುಗೆಂಪು ಹುಳುಗಳು ಬಟ್ಟಲ ತಳಕ್ಕಿಳಿಯುತ್ತವೆ. ಅಜ್ಜಿ ಸೆರಗಲ್ಲಿ ಮೂಗು ಮುಚ್ಚಿದರೂ ಕಣ್ಣು ತೆಗೆಯುವುದಿಲ್ಲ.

"ಇಬ್ಬನಿ ಆರೋವರ್ಗೂ ಬಿಡಬೇಡಿ."

"ಕೂಡಾಕಿದ್ರೆ ಹೊಟ್ಟೆಗೆ? ಕೆದಕಿ ತಿನ್ನೋ ಜಾತಿ ಇವು."

"ಎರಡು ಹಿಡಿ ರಾಗಿ ಚೆಲ್ಲಿ."

ಅಜ್ಜಿಯ ತಕರಾರು ಸುಳ್ಳಲ್ಲ. ಮೇವಿನ ಖರ್ಚಿಲ್ಲದ್ದಕ್ಕೇ ನಾಟಿಕೋಳಿ ಗಿಟ್ಟುವುದು. ಹುಳುವಿಗೆ ಔಷಧವಿದ್ದರೂ ಹಾಳಾದ ಮೊಟ್ಟೆದಾರಿಯನ್ನು ಅದು ಸರಿಮಾಡಲಾರದು.

"ಪಕ್ಕದ್ಮನೆ ಕೋಳಿಗಳು?"

"ಅವರಿಗೂ ಹೇಳ್ತೀನಿ," ಎನ್ನುತ್ತಾ ಡಾಕ್ಟರು ಸೋಪು ಕೇಳುತ್ತಾರೆ. ಹೇಳಬಹುದು. ಆದರೆ ಈ ಹುಳು ಕಾಡುಬಾತುಗಳಲ್ಲೂ ಇರುತ್ತದೆ. ಅವು ಕೆರೆಗಿಳಿಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.