ಅಟ್ಟದ ಕೆಳಗೆ ಕ್ಲೈಡ್ ಬ್ರಕ್‌ಮನ್

ಹಂದನಕೆರೆಯ ನೆಂಟರ ಮನೆಯಲ್ಲಿ ಮಲಗಿದರೆ ನೆತ್ತಿಯ ಮೇಲೇ ಕೊಬ್ಬರಿ ಅಟ್ಟ. ಕಾಯಿ ಅಲ್ಲಿ ಒಂಬತ್ತು ಹತ್ತು ತಿಂಗಳು ಸುಮ್ಮನೆ ಬಿದ್ದಿರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗಬೇಕು. ಒಡೆದು ನೋಡುವಂತಿಲ್ಲ, ಕಿವಿಗೆ ಹಿಡಿದು ಅಲ್ಲಾಡಿಸಬೇಕು. ಗಡಗಡ ಎಂದರೆ ಆಗಿದೆ, ಕುಳುಕುಳು ಎಂದರೆ ಇನ್ನೂ ನೀರಿದೆ. ಒಳಗಿರುವುದನ್ನು ಹೊರಗಿನಿಂದ ತಿಳಿಯುವ ಈ ವಿದ್ಯೆ ಆ ಮನೆಯ ಮಕ್ಕಳಿಗೂ ಬರುತ್ತದೆ.

ಆ ಅಟ್ಟದ ಕೆಳಗೆ, ಕರೆಂಟು ಹೋಗಿದ್ದ ಒಂದು ಮಳೆಯ ರಾತ್ರಿ, ಲ್ಯಾಪ್‌ಟಾಪಿನ ಬೆಳಕಿನಲ್ಲಿ ನಾನು ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿಯ ಒಂದು ಕಂತು ನೋಡುತ್ತಿದ್ದೆ. ‘ಕ್ಲೈಡ್ ಬ್ರಕ್‌ಮನ್ಸ್ ಫೈನಲ್ ರಿಪೋಸ್.’ ನಾನು ಎಷ್ಟೋ ಸಲ ನೋಡಿದ ಕಂತು. ದೊಡ್ಡಮಾವ ಪಕ್ಕಕ್ಕೆ ಬಂದು ಕುಳಿತರು. ಅವರಿಗೆ ಇಂಗ್ಲಿಷ್ ಬಾರದು. ‘ಏನು ಕತೆ, ಹೇಳು’ ಎಂದರು.

ದೊಡ್ಡಮಾವ ನೀರು ನೋಡುತ್ತಿದ್ದವರು. ಜುಟ್ಟು ಉಳಿಸಿ ಸುಲಿದ ಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ತೋಟದ ಉದ್ದಗಲ ನಡೆಯುವರು. ಕಾಯಿ ಎದ್ದು ನಿಂತ ಕಡೆ ಬೋರ್‌ವೆಲ್ ಪಾಯಿಂಟ್. ಅದು ನಮ್ಮ ಅರಿವಿಗೆ ಬಾರದಂತೆ ಕೈಯ ಸ್ನಾಯುಗಳೇ ಮಾಡುವ ಕೆಲಸ ಎನ್ನುತ್ತದೆ ವಿಜ್ಞಾನ, ನಾನೂ ಅದನ್ನೇ ನಂಬುತ್ತೇನೆ. ಒಂದು ಸಲ ಅವರು ತೋರಿಸಿದ ಕಡೆ 700 ಅಡಿ ಇಳಿಸಿದರೂ ಬರೀ ಧೂಳು ಬಂತು. ಸಾಲ ಮಾಡಿ ಕೊರೆಸಿದ್ದ ಮನೆಯವರು ಒಂದು ಮಾತೂ ಆಡದೆ ಕಾಫಿ ಕೊಟ್ಟು ಕಳಿಸಿದರಂತೆ. ಆವತ್ತಿನಿಂದ ಅವರು ಕಾಯಿ ಹಿಡಿಯಲಿಲ್ಲ.

ಕತೆ ಹೇಳಿದೆ. ಅಮೆರಿಕದ ಸೇಂಟ್ ಪಾಲ್ ಎಂಬ ಊರು. ಭವಿಷ್ಯ ಹೇಳುವವರನ್ನು ಯಾರೋ ಒಬ್ಬೊಬ್ಬರನ್ನಾಗಿ ಕೊಲ್ಲುತ್ತಿದ್ದಾರೆ. ಪತ್ತೆಗೆ ಬಂದವರು ಇಬ್ಬರು: ಎಲ್ಲವನ್ನೂ ನಂಬಲು ಹಾತೊರೆಯುವ ಮಲ್ಡರ್, ಸಾಕ್ಷಿ ಕೇಳುವ ಡಾಕ್ಟರ್ ಸ್ಕಲ್ಲಿ. ಅವರಿಗೆ ಸಿಕ್ಕುವವನು ಕ್ಲೈಡ್ ಬ್ರಕ್‌ಮನ್, ಒಂಟಿ ಮುದುಕ, ಜೀವವಿಮೆ ಮಾರುವವನು. ಯಾರು ಹೇಗೆ ಸಾಯುತ್ತಾರೆ ಎನ್ನುವುದು ಅವನಿಗೆ ಕಾಣುತ್ತದೆ. ಅದೊಂದು ಬಿಟ್ಟು ಬೇರೇನೂ ಕಾಣುವುದಿಲ್ಲ.

ವಿಮೆಯವನು ಎಂದಾಗ ದೊಡ್ಡಮಾವ ತಲೆಯಾಡಿಸಿದರು. ನಮ್ಮ ಮನೆಗಳಲ್ಲಿ ಸಾವಿನ ಮಾತನ್ನು ಹಗಲು ಹೊತ್ತಿನಲ್ಲಿ, ಜಗಲಿಯ ಮೇಲೆ ಕೂತು ಆಡಬಲ್ಲವನು ವಿಮೆ ಏಜೆಂಟ್ ಒಬ್ಬನೇ. ಅವನೂ ‘ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ’ ಎನ್ನುತ್ತಾನೆಯೇ ಹೊರತು ಆ ಪದವನ್ನು ಬಾಯಿಗೆ ತರುವುದಿಲ್ಲ. ತಂದರೆ ಒಳಗಿನಿಂದ ಅಜ್ಜಿಯ ದನಿ ಬರುತ್ತದೆ, ‘ಬಿಡ್ತು ಅನ್ನಪ್ಪಾ.’ ಬ್ರಕ್‌ಮನ್‌ಗೆ ಆ ನಯ ಇಲ್ಲ. ಪಾಲಿಸಿ ಕೊಳ್ಳಲು ಹಿಂದೆಮುಂದೆ ನೋಡುವ ಎಳೆಯ ಗಂಡನಿಗೆ, ಇನ್ನೆರಡು ವರ್ಷಕ್ಕೆ ನೀನು ಕಾರು ಅಪಘಾತದಲ್ಲಿ ಹೋಗುತ್ತೀಯೆ ಎಂದುಬಿಡುತ್ತಾನೆ. ಪಾತ್ರ ಮಾಡಿದವನು ಪೀಟರ್ ಬಾಯ್ಲ್. ಆ ಜೋಲುಮುಖ, ಆ ದಣಿದ ದನಿ! 1995ರ ಅಕ್ಟೋಬರಿನಲ್ಲಿ ಬಂದ ಈ ಕಂತಿಗೆ ಅವನಿಗೂ ಬರೆದ ಡ್ಯಾರಿನ್ ಮಾರ್ಗನ್‌ಗೂ ಮರುವರ್ಷ ಎಮ್ಮಿ ಪ್ರಶಸ್ತಿ ಬಂತು.

ಬ್ರಕ್‌ಮನ್‌ಗೆ ಈ ಕಾಣ್ಕೆ ಬಂದ ಬಗೆಯೇ ನನ್ನನ್ನು ಹಿಡಿದಿಟ್ಟಿರುವುದು. ದೇವರು ಕೊಟ್ಟದ್ದಲ್ಲ, ಸಿಡಿಲು ಬಡಿದದ್ದಲ್ಲ. 1959ರ ಫೆಬ್ರವರಿ 3ರಂದು ಅವನ ಮೆಚ್ಚಿನ ಹಾಡುಗಾರ ಬಿಗ್ ಬಾಪರ್ ವಿಮಾನ ಬಿದ್ದು ಸತ್ತ. ನಾಣ್ಯ ಚಿಮ್ಮಿ ಆ ಸೀಟು ಗೆದ್ದಿದ್ದನಂತೆ. (ನಾಣ್ಯ ಚಿಮ್ಮಿದ್ದು ಅದೇ ವಿಮಾನದಲ್ಲಿದ್ದ ರಿಚಿ ವ್ಯಾಲೆನ್ಸ್ ಎನ್ನುವುದು ಚರಿತ್ರೆ, ಕತೆಯಲ್ಲಿ ಹೀಗಿದೆ.) ನಾಣ್ಯ ಮಗುಚಿ ಬಿದ್ದಿದ್ದರೆ? ಈ ಒಂದು ಪ್ರಶ್ನೆಯನ್ನೇ ವರ್ಷಗಟ್ಟಲೆ ಮೆಲುಕು ಹಾಕಿ ಹಾಕಿ ಬ್ರಕ್‌ಮನ್‌ಗೆ ಎಲ್ಲರ ಕೊನೆಯೂ ಕಾಣತೊಡಗಿತು.

ಇದನ್ನು ದೊಡ್ಡಮಾವನಿಗೆ ಹೇಗೆ ಹೇಳುವುದು ಎಂದು ತಡವರಿಸಿದೆ. ಅವರೇ ಹೇಳಿದರು, ‘ನಮ್ಮ ಶಂಕ್ರಣ್ಣನ ಥರ.’ 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತ. ಆಗುಂಬೆಯನ್ನೇ ಮಾಲ್ಗುಡಿ ಮಾಡಿ ದೇಶಕ್ಕೆಲ್ಲ ತೋರಿಸಿದ ಶಂಕರ್‌ನಾಗ್‌ಗೆ ಇನ್ನೂ ಮೂವತ್ತೈದು. ಒಂದು ಗಳಿಗೆ ಹಿಂದೆ ಹೊರಟಿದ್ದರೆ, ಒಂದು ಗಳಿಗೆ ಮುಂದೆ ಹೊರಟಿದ್ದರೆ ಎಂದು ಕಟಿಂಗ್ ಶಾಪುಗಳಲ್ಲಿ, ಆಟೋ ಸ್ಟ್ಯಾಂಡುಗಳಲ್ಲಿ ಜನ ಎಷ್ಟು ವರ್ಷ ಹಲುಬಿದರು. ಬ್ರಕ್‌ಮನ್ ಮಾಡಿದ್ದೂ ಅದನ್ನೇ, ನಿಲ್ಲಿಸಲಾಗಲಿಲ್ಲ ಅಷ್ಟೇ. ತೋಟದಲ್ಲಿ ಆಡುವ ಮಕ್ಕಳಿಗೆ ನಮ್ಮ ಕಡೆ, ‘ಕಾಯಿಗೆ ಕಣ್ಣೈತೆ, ಮನುಷ್ಯರ ಮೇಲೆ ಬೀಳಲ್ಲ’ ಎನ್ನುತ್ತೇವೆ. ಅವನಿಗೆ ಆ ನೆಮ್ಮದಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕೊಲೆಗಾರ ಯಾರು, ಹೇಗೆ ಸಿಕ್ಕಿದ ಎಂಬುದನ್ನು ಬೇಗ ಹೇಳಿ ಮುಗಿಸಿದೆ. ಈ ಕಂತಿನ ಜೀವ ಇರುವುದು ಹೋಟೆಲ್ ಕೋಣೆಯಲ್ಲಿ. ಬ್ರಕ್‌ಮನ್‌ನನ್ನು ಕಾಯಲು ಕೂತ ಸ್ಕಲ್ಲಿ ಅವನೊಂದಿಗೆ ಇಸ್ಪೀಟು ಆಡುತ್ತಾಳೆ. ಅವನ ಶಕ್ತಿಯನ್ನು ಅವಳು ನಂಬುವುದಿಲ್ಲ, ಅವನನ್ನು ಮಾತ್ರ ಇಷ್ಟಪಡುತ್ತಾಳೆ. ಮಲ್ಡರ್ ಅವನ ಶಕ್ತಿಯನ್ನು ನಂಬುತ್ತಾನೆ, ಅವನು ದಣಿದಿರುವುದು ಕಣ್ಣಿಗೆ ಬೀಳುವುದೇ ಇಲ್ಲ. ನಾನು ಹೇಗೆ ಸಾಯುತ್ತೇನೆ ಎಂದು ಅವಳು ಕೇಳುತ್ತಾಳೆ. ನೀನು ಸಾಯುವುದಿಲ್ಲ ಎನ್ನುತ್ತಾನೆ ಬ್ರಕ್‌ಮನ್. ಅದು ಭವಿಷ್ಯವೋ, ಅಕ್ಕರೆಯೋ? ಕಂಡದ್ದನ್ನೆಲ್ಲ ಮುಖಕ್ಕೆ ಹೇಳುತ್ತಿದ್ದವನು ಮೊದಲ ಸಲ ಒಬ್ಬರ ಮನಸ್ಸು ಕಾಯ್ದ ಎಂದೇ ನನಗೆ ಅನಿಸುವುದು.

‘ಪಾಯಿಂಟ್ ತೋರ್ಸು ಅಂತ ಬರೋರೇ ಎಲ್ಲ’ ಎಂದರು ದೊಡ್ಡಮಾವ. ‘ಕೂತ್ಕೊಂಡು ಎಲೆ ಹಾಕ್ತೀನಿ ಅಂತ ಯಾರೂ ಬರಲ್ಲ.’

ಕೊನೆಯಲ್ಲಿ ಬ್ರಕ್‌ಮನ್ ತಾನೇ ಜೀವ ಕಳೆದುಕೊಳ್ಳುತ್ತಾನೆ. ಸ್ಕಲ್ಲಿ ಹೋಗುವಾಗ ತಡವಾಗಿರುತ್ತದೆ. ಅವನ ಕೈ ಹಿಡಿದು ಮಂಚದ ಅಂಚಿನಲ್ಲಿ ಕೂರುತ್ತಾಳೆ. ಪಕ್ಕದ ಮನೆಯ ಮುದುಕಿಯೂ ತೀರಿಹೋಗಿದ್ದಾಳೆ, ಆಕೆಯ ಪುಟ್ಟ ನಾಯಿಯನ್ನು ಇಟ್ಟುಕೊಳ್ಳುತ್ತೀಯಾ ಎಂದು ಅವನು ಸ್ಕಲ್ಲಿಗೆ ಚೀಟಿ ಬರೆದಿಟ್ಟಿರುತ್ತಾನೆ. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

ಮಳೆ ನಿಂತಿತ್ತು. ಲ್ಯಾಪ್‌ಟಾಪ್ ಮುಚ್ಚಿದೆ. ಮಲಗಿದರು ಅಂದುಕೊಂಡಿದ್ದೆ, ಕತ್ತಲಲ್ಲಿ ದೊಡ್ಡಮಾವ ಕೇಳಿದರು:

‘ನಾಯೀನ ಕರ್ಕೊಂಡು ಹೋದ್ಲಾ ಆಯಮ್ಮ?’

‘ಹೋದಳು.’

‘ಹಂಗಾರೆ ಸರಿ’ ಎಂದು ಮಗ್ಗುಲಾದರು.