ಹಾಡಿನ ಜಾಡನ್ನು ಹಿಡಿದು

ಹೆಸರಾಂತ ಊರುಗಳನ್ನು ನೋಡಲು ಹೋಗುವವರು ಬಹುಮಂದಿ. ಒಂದು ಹಾಡಿನ ಜಾಡನ್ನು ಹಿಡಿದು ಹೋಗುವವರು ವಿರಳ. ನಾವು ಅಮೆರಿಕಾದ ದಕ್ಷಿಣಭಾಗದ ಅಲಬಾಮಾ ಸಂಸ್ಥಾನಕ್ಕೆ ಹೋದುದು ಅಂತಹ ಒಂದು ಹಾಡಿಗಾಗಿ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಎಂಬ ವಾದ್ಯಗೋಷ್ಠಿಯವರು 1971ರಲ್ಲಿ ಹೊರತಂದ ‘ಸ್ಟಿಕಿ ಫಿಂಗರ್ಸ್’ ಎಂಬ ಪ್ಲೇಟಿನಲ್ಲಿ ಹತ್ತು ಹಾಡುಗಳಿವೆ. ಮೊದಲನೆಯ ಪಾರ್ಶ್ವದ ಕೊನೆಯಲ್ಲಿರುವ ‘ಯು ಗಾಟ ಮೂವ್’ ಎಂಬುದು ಸುಮಾರು ಎರಡೂವರೆ ನಿಮಿಷದ ಚಿಕ್ಕ ಹಾಡು. ಬಡವನಿರಲಿ, ಬಲ್ಲಿದನಿರಲಿ, ದೇವರು ಕರೆದಾಗ ಯಾರೂ ನಿಲ್ಲುವಂತಿಲ್ಲವೆಂಬುದು ಅದರ ತಾತ್ಪರ್ಯ.

ಟೆನೆಸೀ ನದಿಯ ಎರಡು ದಡಗಳಲ್ಲಿ ಫ್ಲಾರೆನ್ಸ್, ಷೆಫೀಲ್ಡ್, ಟಸ್ಕಂಬಿಯಾ, ಮಸಲ್ ಷೋಲ್ಸ್ ಎಂಬ ನಾಲ್ಕು ಊರುಗಳು ನೆರೆಹೊರೆಯಾಗಿವೆ. ಕಣ್ಣು ಕಿವಿಗಳೆರಡನ್ನೂ ಎಳವೆಯಲ್ಲಿಯೇ ಕಳೆದುಕೊಂಡರೂ ವಿದ್ಯಾವತಿಯಾದ ಹೆಲನ್ ಕೆಲ್ಲರ್ 1880ರಲ್ಲಿ ಜನಿಸಿದುದು ಟಸ್ಕಂಬಿಯಾದಲ್ಲಿ. ಕಪ್ಪು ಜನರು ತಮ್ಮ ಕಷ್ಟಸಂಕಟಗಳನ್ನು ತೋಡಿಕೊಂಡು ಹಾಡಿದ ‘ಬ್ಲೂಸ್’ ಸಂಗೀತವನ್ನು ಸ್ವರಲಿಪಿಯಲ್ಲಿ ಅಚ್ಚುಮಾಡಿಸಿ ಪ್ರಚುರಪಡಿಸಿದ ಡಬ್ಲ್ಯು. ಸಿ. ಹ್ಯಾಂಡಿ 1873ರಲ್ಲಿ ಜನಿಸಿದುದು ಫ್ಲಾರೆನ್ಸಿನಲ್ಲಿ.

ಷೆಫೀಲ್ಡಿನ ಜಾಕ್ಸನ್ ಹೆದ್ದಾರಿಯಲ್ಲಿ 3614ನೆಯ ಸಂಖ್ಯೆಯ ಕಟ್ಟಡವನ್ನು ಕಂಡೊಡನೆ ನಮಗೆ ಆಶ್ಚರ್ಯವಾಯಿತು. ಜಗತ್ತೆಲ್ಲ ಕೇಳಿದ ಹಾಡುಗಳು ಹೊರಟುದು ಈ ಗಿಡ್ಡ ಮನೆಯಿಂದಲೇ? ಹಿಂದೆ ಇಲ್ಲಿ ಶವಪೆಟ್ಟಿಗೆಗಳನ್ನಿಟ್ಟು ಮಾರುತ್ತಿದ್ದರಂತೆ. ರಸ್ತೆಯ ಆಚೆಗೆ ಸ್ಮಶಾನವಿದೆ. 1969ರಲ್ಲಿ ಬ್ಯಾರಿ ಬೆಕೆಟ್, ರಾಜರ್ ಹಾಕಿನ್ಸ್, ಜಿಮ್ಮಿ ಜಾನ್ಸನ್, ಡೇವಿಡ್ ಹುಡ್ ಎಂಬ ನಾಲ್ವರು ವಾದ್ಯಗಾರರು ಇದನ್ನು ಧ್ವನಿಮುದ್ರಣಶಾಲೆಯನ್ನಾಗಿ ಮಾಡಿಕೊಂಡರು. ಈ ಸಂಸ್ಥಾನದ ಗವರ್ನರನು 1963ರಲ್ಲಿ ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ನಿಂತು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಯತ್ನಿಸಿದ್ದನು. ಅದೇ ದಶಕದಲ್ಲಿ ಬಿಳಿಯರಾದ ಈ ವಾದ್ಯಗಾರರು ಕಪ್ಪು ಗಾಯಕರೊಡನೆ ಒಂದೇ ಕೊಠಡಿಯಲ್ಲಿ ಕುಳಿತು ಅವರಿಗೆ ಪಕ್ಕವಾದ್ಯ ನುಡಿಸುತ್ತಿದ್ದರೆಂಬುದನ್ನು ವಾಚಕರು ಗಮನಿಸಬೇಕು.

1969ರ ಡಿಸೆಂಬರ್ 2ರಿಂದ 4ರವರೆಗೆ ರೋಲಿಂಗ್ ಸ್ಟೋನ್ಸ್ ತಂಡದವರು ಇಲ್ಲಿದ್ದರು. ಮೂರು ದಿನಗಳಲ್ಲಿ ಮೂರು ಹಾಡುಗಳಾದುವು. ಮುದ್ರಣಯಂತ್ರದ ಮುಂದೆ ಕುಳಿತವರು ಜಿಮ್ಮಿ ಜಾನ್ಸನ್. ಕಟ್ಟಡವು ದುರಸ್ತಿಯಾಗಿ 2017ರಿಂದ ಪ್ರೇಕ್ಷಕರಿಗೆ ತೆರೆದಿದೆ. ಕೀತ್ ರಿಚರ್ಡ್ಸ್ ಎಂಬಾತನು ‘ವೈಲ್ಡ್ ಹಾರ್ಸಸ್’ ಹಾಡನ್ನು ಬರೆದು ಮುಗಿಸಿದುದು ಇಲ್ಲಿಯ ಪುಟ್ಟ ಪಾಯಖಾನೆಯಲ್ಲಿ ಎಂದು ಹೇಳುತ್ತಾರೆ. ಎಲ್ಲರೂ ಅದನ್ನು ಇಣಿಕಿ ನೋಡಿ ನಕ್ಕರು, ನಾವೂ ನಕ್ಕೆವು. ಆದರೆ ನಾವು ಅರಸಿ ಬಂದ ಹಾಡು ಇಲ್ಲಿ ಹುಟ್ಟಿದುದಲ್ಲ. ಅದನ್ನು ಆ ಆಂಗ್ಲ ತರುಣರು ಕಲಿತುದು ಮಿಸಿಸಿಪಿ ಸಂಸ್ಥಾನದ ಒಬ್ಬ ಬೇಸಾಯಗಾರರಿಂದ. ಆದಕಾರಣ ನಾವು ಪಶ್ಚಿಮಕ್ಕೆ ಪ್ರಯಾಣ ಬೆಳೆಸಿ ಕೋಮೋ ಎಂಬ ಹಳ್ಳಿಯ ಕಡೆಗೆ ಹೋದೆವು.

ಆ ಬೇಸಾಯಗಾರರ ಹೆಸರು ಫ್ರೆಡ್ ಮೆಕ್‌ಡೊವೆಲ್. ಹಳೆಯ ಭಕ್ತಿಗೀತೆಯೊಂದನ್ನು ಅವರು ತಮ್ಮದೇ ಧಾಟಿಯಲ್ಲಿ ಹಾಡಿದ್ದರು. ಗಿಟಾರಿನ ತಂತಿಯ ಮೇಲೆ ಜಾರಿಸಲು ಅವರು ಮೊದಲು ಚಾಕುವನ್ನೂ, ಆಮೇಲೆ ದನದ ಪಕ್ಕೆಲುಬನ್ನೂ, ಕಡೆಗೆ ಗಾಜಿನ ಸೀಸೆಯ ಕತ್ತನ್ನೂ ಬಳಸಿದರು. 1959ರಲ್ಲಿ ಆಲನ್ ಲೋಮ್ಯಾಕ್ಸ್ ಎಂಬ ಜಾನಪದ ಸಂಗ್ರಾಹಕರು ಹಳ್ಳಿಗೆ ಬಂದು ಅವರ ಹಾಡುಗಳನ್ನು ಮುದ್ರಿಸಿಕೊಳ್ಳುವವರೆಗೆ ಹೊರಗಿನವರಾರೂ ಅವರನ್ನರಿಯರು. ರೋಲಿಂಗ್ ಸ್ಟೋನ್ಸ್ ಷೆಫೀಲ್ಡಿಗೆ ಬಂದ 1969ರಲ್ಲಿಯೇ ಮೆಕ್‌ಡೊವೆಲ್ಲರೂ ಒಂದು ಪ್ಲೇಟು ಹಾಡಿದರು. ತಾನು ರಾಕ್ ಅಂಡ್ ರೋಲ್ ನುಡಿಸುವವನಲ್ಲವೆಂಬುದೇ ಅದರ ಹೆಸರಿನ ಅರ್ಥ!

ಆಂಗ್ಲ ತರುಣರ ಪ್ಲೇಟು ಲಕ್ಷಗಟ್ಟಲೆ ಮಾರಿತು. ಮೆಕ್‌ಡೊವೆಲ್ಲರ ಪ್ಲೇಟುಗಳನ್ನು ಹೊರತರುತ್ತಿದ್ದ ಕ್ರಿಸ್ ಸ್ಟ್ರಾಕ್‌ವಿಟ್ಸ್ ಎಂಬುವರು ಪಟ್ಟುಹಿಡಿದು ಆ ಹಾಡಿಗೆ ಸಲ್ಲಬೇಕಾದ ಹಣವನ್ನು ಅವರಿಗೆ ಕೊಡಿಸಿದರು. ಆ ಭಾಗ್ಯವನ್ನು ಅವರು ಬಹುಕಾಲ ಅನುಭವಿಸಲಿಲ್ಲ. 1972ರ ಜುಲೈಯಲ್ಲಿ ತೀರಿಕೊಂಡರು.

ಹ್ಯಾಮಂಡ್ ಹಿಲ್ ಎಂಬ ಹಳ್ಳಿಯ ಚರ್ಚಿನ ಬಳಿ ಅವರ ಸಮಾಧಿಯಿದೆ. ಅಲ್ಲಿ ಮೊದಲಿದ್ದ ಕಲ್ಲಿನಲ್ಲಿ ಅವರ ಹೆಸರನ್ನೇ ತಪ್ಪಾಗಿ ಕೆತ್ತಿದ್ದರು. ಅವರಿಂದ ಗಿಟಾರ್ ಕಲಿತಿದ್ದ ಬಾನಿ ರೇಟ್ ಎಂಬ ಗಾಯಕಿಯು ವೆಚ್ಚವನ್ನು ವಹಿಸಿ, 1993ರಲ್ಲಿ ಸರಿಯಾದ ಹೆಸರುಳ್ಳ ಹೊಸ ಕಲ್ಲನ್ನು ಇರಿಸಿದರು. ಆ ಅಕ್ಷರಗಳನ್ನು ನಾವು ಒಂದೊಂದಾಗಿ ಓದಿಕೊಂಡೆವು. ಷೆಫೀಲ್ಡಿನಲ್ಲಿ ನಕ್ಕಿದ್ದ ನಮಗೆ ಇಲ್ಲಿ ಮಾತು ಹೊರಡಲಿಲ್ಲ. ಲಕ್ಷಾಂತರ ಮನೆಗಳಲ್ಲಿ ಹಾಡು ಮೊಳಗುತ್ತಿದ್ದಾಗ, ಹಾಡಿದವರ ಹೆಸರು ಗೋರಿಯ ಮೇಲೆಯೂ ನೆಟ್ಟಗಿರಲಿಲ್ಲ.

ಹಾಡು ಕೈಯಿಂದ ಕೈಗೆ ಹೋಗುವುದು ತಪ್ಪಲ್ಲ. ಹಾಗೆ ಹೋದುದರಿಂದಲೇ ಅದು ನಮ್ಮ ಮನೆಗೂ ಬಂದಿತು. ಈಗ ಅದನ್ನು ಕೇಳಿ ಮಕ್ಕಳು, ಇದು ಯಾರ ಹಾಡು ಎಂದು ವಿಚಾರಿಸಿದರೆ, ನಾವು ಮೊದಲು ಕೋಮೋದ ಬೇಸಾಯಗಾರರ ಹೆಸರನ್ನು ಹೇಳುತ್ತೇವೆ. ರೋಲಿಂಗ್ ಸ್ಟೋನ್ಸ್ ಹೆಸರು ಬರುವುದು ಆಮೇಲೆ.