ಕ್ಲೀವ್‌ಲ್ಯಾಂಡಿನ ಒಂದು ಪಾಠಶಾಲೆ

ಅಮೆರಿಕಾ ದೇಶಕ್ಕೆ ಹೋಗಿ ಬಂದವರು ನಯಾಗರಾ ಜಲಪಾತವನ್ನೂ ನ್ಯೂಯಾರ್ಕಿನ ಗಗನಚುಂಬಿ ಸೌಧಗಳನ್ನೂ ವರ್ಣಿಸುವುದು ವಾಡಿಕೆ. ನಾನೂ ಅವುಗಳನ್ನು ಕಂಡೆನು, ಕಣ್ಣು ತಣಿಯಿತು. ಆದರೆ ಅವನ್ನು ಕುರಿತು ನನಗಿಂತ ಚೆನ್ನಾಗಿ ಬರೆದವರು ಹಲವರಿರುವುದರಿಂದ, ಯಾತ್ರಿಕರು ಸಾಮಾನ್ಯವಾಗಿ ಹುಡುಕಿಕೊಂಡು ಹೋಗದ ಒಂದು ಸ್ಥಳದ ವಿಚಾರವಾಗಿ ನಾಲ್ಕು ಮಾತು ಬರೆಯಲು ವಾಚಕರ ಅಪ್ಪಣೆಯನ್ನು ಬೇಡುತ್ತೇನೆ. ಅದು ಒಂದು ಪಾಠಶಾಲೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿದವನಿಗೆ ದೇಶಾಂತರದಲ್ಲಿಯೂ ಪಾಠಶಾಲೆಯೇ ಕಣ್ಣಿಗೆ ಬೀಳುವುದು ಆಶ್ಚರ್ಯವಲ್ಲ.

ನನ್ನ ಮಗಳೂ ಅಳಿಯನೂ ಓಹಾಯೋ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದಲ್ಲಿ ನೆಲಸಿರುವರು. ಸಂಗೀತಾಭಿಮಾನಿಗಳಿಗೆ ಈ ಊರಿನ ಹೆಸರು ಹೊಸದಲ್ಲ. 1978ರಲ್ಲಿ ಅಲ್ಲಿ ಆರಂಭವಾದ ತ್ಯಾಗರಾಜರ ಆರಾಧನೆಯು ನಮ್ಮ ದೇಶದ ದೊಡ್ಡ ವಿದ್ವಾಂಸರನ್ನು ಅಷ್ಟು ದೂರಕ್ಕೆ ಸೆಳೆದುಕೊಂಡಿದೆ. ನಾವು ದಂಪತಿಗಳು ವಸಂತಕಾಲವನ್ನು ನೋಡಿ ಹೊರಟುದಕ್ಕೂ ಅದೇ ನಿಮಿತ್ತ. ಊರು ಈರಿ ಎಂಬ ಮಹಾಸರೋವರದ ದಕ್ಷಿಣ ತೀರದಲ್ಲಿದೆ. ದಡದಲ್ಲಿ ನಿಂತು ನೋಡಿದರೆ ಆಚೆಯ ದಡವು ಕಾಣದು, ಸಮುದ್ರವೆಂದೇ ಭ್ರಾಂತಿಯಾಗುವುದು. ಕಳೆದ ಶತಮಾನದ ಆದಿಭಾಗದಲ್ಲಿ ಇಲ್ಲಿಯ ಉಕ್ಕಿನ ಕಾರ್ಖಾನೆಗಳು ಹಗಲಿರುಳೂ ಉರಿಯುತ್ತಿದ್ದುವು. ದಕ್ಷಿಣದ ಹತ್ತಿಯ ಹೊಲಗಳಲ್ಲಿ ದುಡಿದು ಬಳಲಿದ ಕರಿಯರ ಕುಟುಂಬಗಳು ಕೂಲಿಯನ್ನೂ ಮಾನವನ್ನೂ ಅರಸಿಕೊಂಡು ಈ ಊರಿಗೆ ಬಂದುವು. ನಾನು ಹೇಳಲಿರುವ ಕಥೆಯು ಅಂತಹ ಕುಟುಂಬಗಳದು.

ಒಂದು ಸಂಜೆ ಒಂಬತ್ತು ವರ್ಷದ ನನ್ನ ಮೊಮ್ಮಗನು ಶಾಲೆಯಿಂದ ಬಂದವನೇ ಒಂದು ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟನು. ಊರಿನ ಪ್ರಸಿದ್ಧ ಪುರುಷರೊಬ್ಬರನ್ನು ಕುರಿತು ಪ್ರಬಂಧ ಬರೆಯಬೇಕೆಂದು ಅವನ ಉಪಾಧ್ಯಾಯಿನಿಯ ಆಜ್ಞೆ. ಅವನು ಆರಿಸಿಕೊಂಡದ್ದು ಜೆಸ್ಸಿ ಓವೆನ್ಸ್ ಎಂಬ ಓಟಗಾರನನ್ನು. “ತಾತ, ಅವರು ಓದಿದ ಸ್ಕೂಲು ಈ ಊರಿನಲ್ಲೇ ಇದೆಯಂತೆ. ನೋಡಿಕೊಂಡು ಬರೋಣವೇ?” ಎಂದು ಕೇಳಿದನು. ಬರುವ ಭಾನುವಾರ ಅಳಿಯಂದಿರು ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದರು.

ಪೂರ್ವ ಭಾಗದ ಐವತ್ತೈದನೆಯ ಬೀದಿಯಲ್ಲಿ ಈಸ್ಟ್ ಟೆಕ್ನಿಕಲ್ ಹೈಸ್ಕೂಲು ಇದೆ. 1908ರಲ್ಲಿ ಕೈಕಸುಬುಗಳನ್ನು ಕಲಿಸುವುದಕ್ಕಾಗಿ ತೆರೆದ ಶಾಲೆಯಿದು. ಮರಗೆಲಸ, ಲೋಹದ ಕೆಲಸ ಮುಂತಾದವನ್ನು ಕಲಿತು ಹುಡುಗರು ಕಾರ್ಖಾನೆಗಳಲ್ಲಿ ಜೀವನೋಪಾಯವನ್ನು ಕಂಡುಕೊಳ್ಳಲೆಂಬುದು ಉದ್ದೇಶ. ಹಳೆಯ ಕಟ್ಟಡವು ಹೋಗಿ 1972ರಲ್ಲಿ ಹೊಸದು ಬಂದಿತು. ರಜೆಯ ದಿನವಾದುದರಿಂದ ಬಾಗಿಲು ಮುಚ್ಚಿತ್ತು. ನಾವು ಹೊರಗೇ ನಿಂತೆವು. ನೋಡುವುದಕ್ಕೆ ವಿಶೇಷವೇನೂ ಇಲ್ಲ. ಕೇಳುವುದಕ್ಕೆ ಬಹಳ ಉಂಟು. ಒಲಿಂಪಿಕ್ ಕ್ರೀಡೆಗಳಲ್ಲಿ ನೂರು ಮೀಟರು ಓಟದಲ್ಲಿ ಗೆದ್ದವನನ್ನು ಲೋಕದ ಅತಿವೇಗಿಯೆಂದು ಕರೆಯುವರಷ್ಟೆ. ಆ ಬಿರುದು 1936ರಲ್ಲಿ ಈ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಸಂದಿತು. ಮಹಾಯುದ್ಧದ ದೆಸೆಯಿಂದ ಎರಡು ಬಾರಿ ಕ್ರೀಡೆಗಳು ನಡೆಯಲಿಲ್ಲ. ಮತ್ತೆ 1948ರಲ್ಲಿ ನಡೆದಾಗ ಅದೇ ಬಿರುದು ಇದೇ ಶಾಲೆಯ ಮತ್ತೊಬ್ಬ ಹಳೆಯ ವಿದ್ಯಾರ್ಥಿಗೆ ಸಂದಿತು. ಇಬ್ಬರೂ ತಲಾ ನಾಲ್ಕು ಸ್ವರ್ಣಪದಕಗಳನ್ನು ಗಳಿಸಿದವರು. ಬಡವರ ಮಕ್ಕಳು ಕಸುಬು ಕಲಿಯುವ ಒಂದು ಶಾಲೆಗೆ ಎಂಟು ಸ್ವರ್ಣಪದಕಗಳು!

ಮೊದಲನೆಯವನು ಓವೆನ್ಸ್. 1913ರಲ್ಲಿ ಅಲಬಾಮಾ ಸಂಸ್ಥಾನದ ಓಕ್‌ವಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಅಜ್ಜನು ಗುಲಾಮನಾಗಿದ್ದವನು, ತಂದೆ ಪರರ ಹೊಲವನ್ನು ವಾರಕ್ಕೆ ಗೇಯುತ್ತಿದ್ದ ಬಡವನು. ಹುಡುಗನಿಗೆ ಶ್ವಾಸದ ಬಾಧೆ ಬೇರೆ. ಒಂಬತ್ತನೆಯ ವಯಸ್ಸಿನಲ್ಲಿ ಕ್ಲೀವ್‌ಲ್ಯಾಂಡಿಗೆ ಬಂದು ಶಾಲೆಗೆ ಸೇರಿದಾಗ ಹೆಸರನ್ನು ಕೇಳಿದರು. ಜೇಮ್ಸ್ ಕ್ಲೀವ್‌ಲ್ಯಾಂಡ್ ಎಂಬ ಪೂರ್ಣನಾಮವನ್ನು ಮನೆಯಲ್ಲಿ ‘ಜೆ. ಸಿ.’ ಎಂದು ಮೊಟಕಾಗಿಸಿದ್ದರು. ಅವನು ಅದನ್ನೇ ಹೇಳಿದನು. ದಕ್ಷಿಣದ ಉಚ್ಚಾರವು ತಿಳಿಯದೆ ಉಪಾಧ್ಯಾಯಿನಿಯು ‘ಜೆಸ್ಸಿ’ ಎಂದು ಬರೆದುಕೊಂಡಳು. ಒಬ್ಬ ಉಪಾಧ್ಯಾಯಿನಿಯು ತಪ್ಪಾಗಿ ಕೇಳಿಸಿಕೊಂಡ ಹೆಸರು ಜಗತ್ತಿನಲ್ಲಿ ಸ್ಥಿರವಾಗಿ ನಿಂತಿತು.

ಮತ್ತೊಬ್ಬ ಉಪಾಧ್ಯಾಯರು ಸರಿಯಾಗಿ ಕೇಳಿಸಿಕೊಂಡರು. ಅವರ ಹೆಸರು ಚಾರ್ಲ್ಸ್ ರೈಲಿ. ಫೇರ್‌ಮೌಂಟ್ ಎಂಬ ಕೆಳಗಿನ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಬಿಳಿಯರು. ಹುಡುಗನ ಕಾಲಿನ ಗತಿಯನ್ನು ಕಂಡು, ಪಾಠಗಳು ಮುಗಿದ ಮೇಲೆ ಅಭ್ಯಾಸಕ್ಕೆ ಬಾ ಎಂದರು. ಬರಲಾರೆನೆಂದನು ಹುಡುಗ. ಸಂಜೆಯ ಹೊತ್ತು ಅವನು ಪಾದರಕ್ಷೆ ರಿಪೇರಿಯ ಅಂಗಡಿಯಲ್ಲಿಯೂ ಇತರ ಕಡೆಗಳಲ್ಲಿಯೂ ದುಡಿಯಬೇಕಾಗಿದ್ದಿತು; ಆ ದುಡ್ಡಿಲ್ಲದೆ ಮನೆ ನಡೆಯುವಂತಿರಲಿಲ್ಲ. ಇಂತಹ ಉತ್ತರಕ್ಕೆ ಉಪಾಧ್ಯಾಯರು ಸಾಮಾನ್ಯವಾಗಿ ಏನು ಹೇಳುವರೆಂಬುದನ್ನು ನಾನು ಬಲ್ಲೆ. ರೈಲಿಯವರು ಹೇಳಿದ್ದು ಬೇರೆ. ಸಂಜೆ ಬರಲಾಗದಿದ್ದರೆ ಬೆಳಗ್ಗೆ, ಶಾಲೆಯು ಕೂಡುವುದಕ್ಕೆ ಮುಂಚೆ ಬಾ. ನಾನೂ ಬರುತ್ತೇನೆ ಎಂದರು. ಅಂತೆಯೇ ಬಂದರು, ಒಂದು ದಿನವಲ್ಲ, ವರ್ಷಗಟ್ಟಳೆ. ನೆಲವು ಕಾದ ಕಾವಲಿಯೋ ಎಂಬಂತೆ ಪಾದವನ್ನು ತಾಗಿಸಿದೊಡನೆ ಎತ್ತಬೇಕೆಂದು ಕಲಿಸಿದರು. ಜೂಜಿನ ಕುದುರೆಗಳು ಮುಖದಲ್ಲಿ ಸ್ವಲ್ಪವೂ ಬಿಗುವಿಲ್ಲದೆ ಓಡುವುದನ್ನು ಕರೆದೊಯ್ದು ತೋರಿಸಿದರು. ಹಸಿದವನಿಗೆ ಅನ್ನವನ್ನೂ ಇಕ್ಕಿದರು. ಹುಡುಗನು ಈಸ್ಟ್ ಟೆಕ್ನಿಕಲ್ ಶಾಲೆಗೆ ಬಂದ ಮೇಲೆಯೂ ಅಲ್ಲಿಗೇ ಬಂದು ನೆರವಾಗುತ್ತಿದ್ದರು.

1933ರಲ್ಲಿ ಷಿಕಾಗೋ ನಗರದಲ್ಲಿ ಪ್ರೌಢಶಾಲೆಗಳ ರಾಷ್ಟ್ರೀಯ ಪಂದ್ಯಗಳು ನಡೆದುವು. ಓವೆನ್ಸನು ನೂರು ಗಜಗಳನ್ನು 9.4 ಸೆಕೆಂಡುಗಳಲ್ಲಿ ಓಡಿ ಪ್ರಪಂಚದ ದಾಖಲೆಯನ್ನು ಸರಿಗಟ್ಟಿದನು. ಆಗ ಅವನಿನ್ನೂ ಶಾಲೆಯ ಹುಡುಗ. ಶಾಲೆಗೆ ಬಂದ 54 ಅಂಕಗಳಲ್ಲಿ 30 ಅವನೊಬ್ಬನವೇ. ಮುಂದೆ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಸೇರಿದರೂ ವಿದ್ಯಾರ್ಥಿವೇತನವಿರಲಿಲ್ಲ. ಕರಿಯನಾದುದರಿಂದ ವಿದ್ಯಾರ್ಥಿನಿಲಯದಲ್ಲಿ ಇಂಬಿರಲಿಲ್ಲ. ಲಿಫ್ಟು ನಡೆಯಿಸಿ ಹೊಟ್ಟೆ ಹೊರೆದನು. ಹಾಗಿದ್ದೂ 1935ರ ಮೇ 25ರಂದು ಆನ್ ಆರ್ಬರ್ ಎಂಬಲ್ಲಿ ಮುಕ್ಕಾಲು ಗಂಟೆಯೊಳಗೆ ಮೂರು ವಿಶ್ವದಾಖಲೆಗಳನ್ನು ಮುರಿದು ನಾಲ್ಕನೆಯದನ್ನು ಸರಿಗಟ್ಟಿದನು. ಆ ದಿನ ಅವನು ನೆಗೆದ 8.13 ಮೀಟರುಗಳನ್ನು ಮೀರಲು ಲೋಕಕ್ಕೆ ಇಪ್ಪತ್ತೈದು ವರ್ಷ ಬೇಕಾಯಿತು. ಮರು ವರ್ಷ ಬರ್ಲಿನ್ನಿನಲ್ಲಿ, ತನ್ನ ಜನವೇ ಶ್ರೇಷ್ಠವೆಂದು ಡಂಗುರ ಹೊಡೆಯಿಸುತ್ತಿದ್ದ ಹಿಟ್ಲರನ ರಾಜಧಾನಿಯಲ್ಲಿ, ನಾಲ್ಕು ಸ್ವರ್ಣಪದಕಗಳನ್ನು ಗೆದ್ದನು. ಅದೇ ಶಾಲೆಯ ಡೇವಿಡ್ ಆಲ್‌ಬ್ರಿಟನ್ ಎಂಬವನು ಅಲ್ಲಿಯೇ ಎತ್ತರದ ನೆಗೆತದಲ್ಲಿ ಎರಡನೆಯವನಾದನು. ಅವನು ಅದೇ ಜುಲೈಯಲ್ಲಿ 2.07 ಮೀಟರು ನೆಗೆದು ವಿಶ್ವದಾಖಲೆಗೆ ಪಾಲುಗಾರನಾಗಿದ್ದನು. ಮುಂದೆ ಓಹಾಯೋ ಶಾಸನಸಭೆಯ ಸದಸ್ಯನೂ ಆದನು.

ಸ್ವದೇಶಕ್ಕೆ ಮರಳಿದ ಓವೆನ್ಸನಿಗೆ ಮೆರವಣಿಗೆಗಳಾದುವು. ಉದ್ಯೋಗವು ಸುಲಭವಾಗಿ ದೊರೆಯಲಿಲ್ಲ. ದುಡ್ಡಿಗಾಗಿ ಕುದುರೆಗಳೊಡನೆ ಸ್ಪರ್ಧಿಸಿ ಓಡಿದನು. ದೇಶದ ಅತ್ಯುನ್ನತ ನಾಗರಿಕ ಗೌರವವು ಅವನಿಗೆ ಬಂದದ್ದು 1976ರಲ್ಲಿ, ಅರವತ್ತು ದಾಟಿದ ಮೇಲೆ. 1980ರಲ್ಲಿ ಗತಿಸಿದನು.

ಆದರೆ 1936ರ ಮೆರವಣಿಗೆಯು ವ್ಯರ್ಥವಾಗಲಿಲ್ಲ. ಕ್ಲೀವ್‌ಲ್ಯಾಂಡಿನ ಬೀದಿಯಲ್ಲಿ ಓವೆನ್ಸನ ವಾಹನವು ಸಾಗುತ್ತಿದ್ದಾಗ ಜನಸಂದಣಿಯಲ್ಲಿ ಹದಿಮೂರು ವರ್ಷದ ಒಬ್ಬ ಸಣಕಲು ಹುಡುಗನು ನಿಂತಿದ್ದನು. ಹ್ಯಾರಿಸನ್ ಡಿಲ್ಲಾರ್ಡ್ ಎಂದು ಹೆಸರು. ಮೈಯಲ್ಲಿ ಮಾಂಸವಿಲ್ಲದ್ದರಿಂದ ಗೆಳೆಯರು ಅವನನ್ನು ‘ಎಲುಬು’ ಎಂದೇ ಕೂಗುತ್ತಿದ್ದರು. ನಾನೂ ಹೀಗಾಗಬೇಕೆಂದು ಅವನು ಅಂದೇ ನಿಶ್ಚಯಿಸಿದನು. ಅದೇ ಶಾಲೆಗೆ ಸೇರಿದನು. ತಡೆಗಳನ್ನು ಹಾರಿ ಓಡುವುದರಲ್ಲಿ ಪಳಗಿದನು. ಓವೆನ್ಸನೇ ಅವನಿಗೆ ಓಟದ ಪಾದರಕ್ಷೆಗಳ ಜೋಡಿಯೊಂದನ್ನು ಕೊಟ್ಟನು. ಹುಡುಗತನದಲ್ಲಿ ಪಾದರಕ್ಷೆಗಳ ಅಂಗಡಿಯಲ್ಲಿ ದುಡಿದವನು ಕೊಟ್ಟ ಉಡುಗೊರೆ ಅದು.

ಡಿಲ್ಲಾರ್ಡನು ಯುದ್ಧಕಾಲದಲ್ಲಿ ಇಟಲಿಯಲ್ಲಿ ಸೈನಿಕನಾಗಿದ್ದು ಹಿಂದಿರುಗಿ, ಎಂಬತ್ತೆರಡು ಪಂದ್ಯಗಳನ್ನು ಸತತವಾಗಿ ಗೆದ್ದನು. 1948ರ ಒಲಿಂಪಿಕ್ ಆಯ್ಕೆಯ ದಿನ, ತಾನೇ ಅಗ್ರಗಣ್ಯನೆನಿಸಿದ್ದ ತಡೆಓಟದಲ್ಲಿ ತಡೆಗಳಿಗೆ ಒಂದಾದ ಮೇಲೊಂದರಂತೆ ಎಡವಿ ಓಟವನ್ನು ಮುಗಿಸಲಾರದೆ ನಿಂತುಬಿಟ್ಟನು! ಆದರೆ ನೂರು ಮೀಟರು ಓಟದಲ್ಲಿ ಮೂರನೆಯವನಾಗಿ ಹೇಗೋ ತಂಡದಲ್ಲಿ ಸ್ಥಾನ ಪಡೆದಿದ್ದನು. ಲಂಡನ್ನಿನಲ್ಲಿ ಅಂಚಿನ ಪಥದಲ್ಲಿ ಓಡಿದನು. ಅವನ ದೇಶದವನೇ ಆದ ಯೂವೆಲ್ ಎಂಬವನು ತಾನೇ ಗೆದ್ದೆನೆಂದು ಕುಣಿದಾಡಿದನು. ಛಾಯಾಚಿತ್ರವನ್ನು ನೋಡಿದಾಗ ಮೊದಲು ಗುರಿ ಮುಟ್ಟಿದವನು ಡಿಲ್ಲಾರ್ಡನು. ತಂಡದ ಓಟದಲ್ಲಿಯೂ ಸ್ವರ್ಣ ದೊರೆಯಿತು. ನಾಲ್ಕು ವರ್ಷ ಕಾದು, 1952ರಲ್ಲಿ ಹೆಲ್ಸಿಂಕಿಯಲ್ಲಿ ತನ್ನನ್ನು ಎಡವಿಸಿದ್ದ ಆ ತಡೆಓಟವನ್ನೇ ಗೆದ್ದನು; ತಂಡದ ಓಟದಲ್ಲಿ ನಾಲ್ಕನೆಯ ಪದಕವೂ ಬಂದಿತು. ಮುಂದೆ ಇದೇ ನಗರದ ವಿದ್ಯಾಮಂಡಲಿಯಲ್ಲಿ ಅಧಿಕಾರಿಯಾಗಿ ಬಹುಕಾಲ ದುಡಿದು, 2019ರಲ್ಲಿ 96 ವರ್ಷದ ತುಂಬು ಬಾಳನ್ನು ಮುಗಿಸಿದನು.

ಇಷ್ಟನ್ನೂ ಬಾಗಿಲ ಮುಂದೆ ನಿಂತು ಅಳಿಯಂದಿರೂ ನಾನೂ ಹುಡುಗನಿಗೆ ಹೇಳಿ ಮುಗಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾತ, ನಿಮ್ಮ ಸ್ಕೂಲಿನಲ್ಲಿ ಹೀಗೆ ಓಡುವವರು ಇದ್ದರೇ?” ಎಂದನು.

“ಇದ್ದ, ಒಬ್ಬ” ಎಂದೆನು.

“ಅವನು ಏನಾದ?”

ಉತ್ತರವು ನನ್ನಲ್ಲಿರಲಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಐದು ಮೈಲಿ ದೂರದ ಹಳ್ಳಿಯಿಂದ ಒಬ್ಬ ಹುಡುಗನು ಒಂಬತ್ತನೆಯ ತರಗತಿಗೆ ಬರುತ್ತಿದ್ದನು. ದಿನವೂ ಹತ್ತು ನಿಮಿಷ ತಡ. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದನು. ಮೊದಲನೆಯ ಪಾಠವು ನನ್ನದು. ಹೊರಗೇ ನಿಲ್ಲು ಎನ್ನುತ್ತಿದ್ದೆನು. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಕ್ಯಾನನ್ನು ಮನೆಗೆ ಮುಟ್ಟಿಸಿ, ಅಲ್ಲಿಂದ ಶಾಲೆಯವರೆಗೆ ಅವನು ಓಡಿಯೇ ಬರುತ್ತಿದ್ದನೆಂದು ನನಗೆ ತಿಳಿದದ್ದು ವ್ಯಾಯಾಮದ ಮೇಷ್ಟ್ರು ಹೇಳಿದ ಮೇಲೆ. ತಾಲ್ಲೂಕು ಮಟ್ಟದ ಓಟಕ್ಕೆ ಅವನ ಹೆಸರನ್ನು ಕಳುಹಿಸಲು ಅವರು ನನ್ನ ಒಪ್ಪಿಗೆ ಕೇಳಿದರು. ಹೊತ್ತಿಗೆ ಸರಿಯಾಗಿ ತರಗತಿಗೆ ಬರಲಾರದವನಿಗೆ ಪಂದ್ಯವೇಕೆ ಎಂದು ನಿರಾಕರಿಸಿದೆನು. ಧರ್ಮಸಾಧನಗಳಲ್ಲಿ ಶರೀರವೇ ಮೊದಲನೆಯದೆಂಬ ಕುಮಾರಸಂಭವದ ಮಾತನ್ನು ಅದೇ ವಾರ ಮಕ್ಕಳಿಗೆ ಪದಚ್ಛೇದ ಮಾಡಿ ವಿವರಿಸಿದ್ದೆನು. ಹತ್ತನೆಯ ತರಗತಿಯ ನಡುವೆ ಹುಡುಗನು ಶಾಲೆಯನ್ನು ಬಿಟ್ಟನು. ನನ್ನಿಂದಲೇ ಬಿಟ್ಟನೆಂದು ಹೇಳಲಾರೆ. ಮನೆಯ ಬಡತನವೂ ಇದ್ದಿತು. ಆದರೆ ಬಾಗಿಲ ಹೊರಗೆ ನಿಲ್ಲಿಸಿದವನು ನಾನು. ಇಲ್ಲಿ ಒಬ್ಬರು ಹುಡುಗನ ಹೊತ್ತಿಗೆ ತಮ್ಮ ಹೊತ್ತನ್ನು ಹೊಂದಿಸಿಕೊಂಡರು. ನನಗೆ ಹತ್ತು ನಿಮಿಷವನ್ನು ಹೊಂದಿಸಿಕೊಳ್ಳಲಾಗಲಿಲ್ಲ.

ಮನೆಗೆ ಹೋಗಿ ಮೊಮ್ಮಗನು ಪ್ರಬಂಧ ಬರೆದನು. ಓವೆನ್ಸನ ಪದಕಗಳಿಗೆ ನಾಲ್ಕು ವಾಕ್ಯಗಳಾದರೆ ರೈಲಿಯವರಿಗೆ ಆರು. ನಾನು ತಿದ್ದಲು ಹೋಗಲಿಲ್ಲ.

ಊರಿಗೆ ಮರಳಿದ ಹದಿನೈದು ದಿನದೊಳಗೆ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆನು. ಹುಡುಕುವುದು ಕಷ್ಟವಾಗಲಿಲ್ಲ. ನಲವತ್ತು ದಾಟಿದ ಗೃಹಸ್ಥನು, ತಲೆ ಅಲ್ಲಲ್ಲಿ ನರೆತಿದೆ. ಹಿಂಡು ದನವಿದೆ, ಹಾಲಿನ ಸಂಘದಲ್ಲಿ ಮರ್ಯಾದೆಯಿದೆ. ನನ್ನನ್ನು ಕಂಡೊಡನೆ ಗುರುತಿಸಿ, ಜಗಲಿಯ ಮೇಲೆ ಚಾಪೆ ಹಾಸಿ ಕುಳ್ಳಿರಿಸಿ, ಹಾಲು ತರಿಸಿಕೊಟ್ಟನು. ಬಂದ ಕಾರಣವನ್ನು ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಹೇಳಿದ ಮೇಲೆ ಅವನು ನಕ್ಕನು.

“ಬಿಡಿ ಮೇಷ್ಟ್ರೇ, ಹೊರಗೆ ನಿಂತರೂ ನಿಮ್ಮ ಪಾಠ ಕೇಳಿಸುತ್ತಿತ್ತು” ಎಂದನು. ಸ್ವಲ್ಪ ತಡೆದು, “ಆ ಓಟಕ್ಕೆ ಮಾತ್ರ ಹೋಗಬೇಕೂಂತ ಇತ್ತು” ಎಂದನು.

ನಾನು ಬಂದ ಸಮಯಕ್ಕೆ ಅವನ ಮಗಳು ಶಾಲೆಯಿಂದ ಹಿಂದಿರುಗಿದಳು. ಯಾವ ತರಗತಿಯೆಂದು ಕೇಳಿದೆನು, ಏಳನೆಯದೆಂದಳು. ಬೆಳಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡುತ್ತೀಯೆ, ಹೇಗೆ ಹೋಗುತ್ತೀಯೆ, ಮೇಷ್ಟ್ರು ಏನೆನ್ನುತ್ತಾರೆ ಎಂದು ಒಂದೊಂದಾಗಿ ಕೇಳಿದೆನು. ಮೂವತ್ತು ವರ್ಷ ಮೊದಲೇ ಅವಳ ತಂದೆಯನ್ನು ಕೇಳಬೇಕಾಗಿದ್ದ ಪ್ರಶ್ನೆಗಳವು. ಮಗುವು ಎಲ್ಲಕ್ಕೂ ಸಾವಧಾನವಾಗಿ ಉತ್ತರ ಹೇಳಿದಳು.